‘ಎಲ್ಲರ ಮನೇಲೂ ಇದ್ದದ್ದೇ’ ಅನ್ನಬೇಡಿ: ಚಿಕ್ಕಂದಿನ ಕಷ್ಟ ಈಗ ಖಿನ್ನತೆಯಾಗಿ ಬಂದಿದ್ದರೆ ಏನು ಮಾಡಬೇಕು

ನಮ್ಮೂರು ಜಗಳೂರು ಕಡೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಕಾಫಿ ಹಣ್ಣು ಬಿಡಿಸೋಕೆ ಮಲೆನಾಡಿಗೆ ಗುಳೆ ಹೋಗುತ್ತಿದ್ದರು. ನಾನೂ ತಮ್ಮನೂ ದೊಡ್ಡಪ್ಪನ ಮನೆಯಲ್ಲಿ ಉಳಿಯುತ್ತಿದ್ದೆವು. ಊರಲ್ಲಿದ್ದ ದಿನಗಳಲ್ಲಿ ಅಪ್ಪ ಕುಡಿಯುತ್ತಿದ್ದರು. ರಾತ್ರಿ ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಅವರ ಸೈಕಲ್ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದೆ. ಸೈಕಲ್ ತುಳಿದುಕೊಂಡು ಬಂದರೆ ಸರ್ರಂತ ಬಂದು ನಿಲ್ಲುತ್ತಿತ್ತು, ಅವತ್ತು ಪರವಾಗಿಲ್ಲ. ಕುಡಿದಿದ್ದರೆ ತಳ್ಳಿಕೊಂಡು ಬರುತ್ತಿದ್ದರು, ಆಗ ಹಿಂದಿನ ಚಕ್ರ ಟಿಕ್... ಟಿಕ್... ಟಿಕ್ ಅಂತ ನಿಧಾನಕ್ಕೆ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ತಮ್ಮನನ್ನು ಗೋಡೆ ಕಡೆ ಸರಿಸಿ ನಾನು ಬಾಗಿಲ ಕಡೆ ಮಲಗುತ್ತಿದ್ದೆ. ಆಗ ನನಗೆ ಎಂಟು ವರ್ಷ.

37ನೇ ವಯಸ್ಸಿನಲ್ಲಿ ನನಗೆ ಖಿನ್ನತೆ ಬಂತು. ಆಗ ದಾವಣಗೆರೆಯಲ್ಲಿ ಸಂಸಾರ, ಕುಡಿಯದ ಗಂಡ, ಮನೆಯಲ್ಲೇ ಟೈಲರಿಂಗ್, ಸಾಲ ಕೂಡ ಹೆಚ್ಚೇನೂ ಇರಲಿಲ್ಲ. ‘ಎಲ್ಲಾ ಚೆನ್ನಾಗಿರುವಾಗ ನಿಂಗೇನು ಬಂದಿರೋದು’ ಅಂತ ಎಲ್ಲರೂ ಕೇಳಿದರು, ನಾನೂ ನನ್ನನ್ನೇ ಕೇಳಿಕೊಂಡೆ. ಚಿಕ್ಕಂದಿಗೂ ಇದಕ್ಕೂ ಸಂಬಂಧ ಇರಬಹುದು ಅಂತ ಹೊಳೆಯೋಕೆ ಒಂದೂವರೆ ವರ್ಷ ಬೇಕಾಯಿತು. ಯಾಕೆಂದರೆ ನನ್ನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು: ಅದೆಲ್ಲ ಎಲ್ಲರ ಮನೇಲೂ ಇದ್ದದ್ದೇ, ನಂದೇನು ವಿಶೇಷ.

ನೀವು ಆ ಮಾತನ್ನು ಪಕ್ಕಕ್ಕಿಡಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಚಿಕಿತ್ಸೆ ತಗೊಂಡು, ಓದಿ, ಕೇಳಿ ತಿಳಿದುಕೊಂಡಿದ್ದನ್ನು ಹೇಳುತ್ತೇನೆ.

ಅವತ್ತಿನ ಕಷ್ಟ ಇವತ್ತು ಯಾಕೆ ಬರುತ್ತೆ?

ಮೆಕ್ಕೆಜೋಳದ ಹೊಲಕ್ಕೆ ಹಂದಿ ಬರುತ್ತವೆ ಅಂತ ರಾತ್ರಿ ಕಾವಲಿಗೆ ಹೋಗುವವರನ್ನು ನೋಡಿದ್ದೀರಲ್ವಾ. ತಿಂಗಳುಗಟ್ಟಲೆ ಎಚ್ಚರ ಇದ್ದು ಇದ್ದು, ಬೆಳೆ ಕೊಯ್ದು ಮನೆಗೆ ಬಂದ ಮೇಲೂ ಅವರಿಗೆ ಸರಿಯಾಗಿ ನಿದ್ದೆ ಬರೋದಿಲ್ಲ, ಸಣ್ಣ ಸದ್ದಾದರೂ ಎದ್ದು ಕೂರುತ್ತಾರೆ. ಭಯದಲ್ಲಿ ಬೆಳೆದ ಮಗುವಿನ ಮೈಯೂ ಹಾಗೇ. ಹೆದರಿದಾಗ ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಜಾಸ್ತಿ ಆಗುತ್ತದೆ, ಹೆದರಿಕೆ ಹೋದ ಮೇಲೆ ಇಳಿಯಬೇಕು. ದಿನಾ ಹೆದರಿಕೆ ಇದ್ದರೆ ಈ ಏರಿಳಿತವೇ ಕೆಟ್ಟುಹೋಗುತ್ತದೆ. ಮಿದುಳು ಇನ್ನೂ ಬೆಳೆಯುತ್ತಿರುವ ವಯಸ್ಸು ಬೇರೆ, ಅಪಾಯವನ್ನು ಗುರುತಿಸುವ ಭಾಗ ಜಾಸ್ತಿ ಚುರುಕಾಗಿಬಿಡುತ್ತದೆ, ನೆನಪು ಮತ್ತು ಸಮಾಧಾನಕ್ಕೆ ಬೇಕಾದ ಭಾಗಗಳಿಗೆ ಪೆಟ್ಟು ಬೀಳುತ್ತದೆ. ಮುಂದೆ ದೊಡ್ಡವರಾದ ಮೇಲೆ, ಬೇರೆಯವರು ತಡೆದುಕೊಳ್ಳುವಂಥ ಸಣ್ಣ ಪೆಟ್ಟಿಗೇ ನಾವು ಕುಸಿಯುತ್ತೇವೆ. ನನ್ನ ವಿಷಯದಲ್ಲಿ ಆ ಸಣ್ಣ ಪೆಟ್ಟು ಏನು ಗೊತ್ತಾ? ಬ್ಲೌಸ್ ತೋಳು ಬಿಗಿ ಆಗಿದೆ ಅಂತ ಗಿರಾಕಿಯೊಬ್ಬರು ಜೋರಾಗಿ ಬೈದರು. ಮೂರು ದಿನ ಅತ್ತೆ, ನಾಲ್ಕನೇ ದಿನದಿಂದ ಮಿಷಿನ್ ಮುಂದೆ ಕೂರೋಕೇ ಆಗಲಿಲ್ಲ.

ಇದು ಸುಮ್ನೆ ಹೇಳುವ ಮಾತಲ್ಲ. 1995ರಿಂದ 1997ರವರೆಗೆ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಅನ್ನುವ ಇಬ್ಬರು ಡಾಕ್ಟರುಗಳು ಮತ್ತು ಅವರ ತಂಡ 17,000ಕ್ಕೂ ಹೆಚ್ಚು ಜನರ ಬಾಲ್ಯದ ಬಗ್ಗೆ ವಿಚಾರಿಸಿತು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ, ತಾಯಿಗೆ ಹೊಡೆಯೋದನ್ನು ನೋಡಿದ್ದು, ಮನೆಯವರಿಗೆ ಮಾನಸಿಕ ಕಾಯಿಲೆ, ಇಂಥವೇ ಪ್ರಶ್ನೆಗಳು. 1998ರಲ್ಲಿ ಬಂದ ಮೊದಲ ವರದಿ ಹೇಳಿದ್ದು ಇಷ್ಟು: ಇಂಥ ಒಂದೂ ಅನುಭವ ಇಲ್ಲದವರ ಜೊತೆ ಹೋಲಿಸಿದರೆ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಖಿನ್ನತೆ ಇರುವ ಸಾಧ್ಯತೆ ಸುಮಾರು ನಾಲ್ಕೂವರೆ ಪಟ್ಟು. ಅವರಲ್ಲಿ ಬಹುತೇಕ ಜನ ಬಡವರೂ ಅಲ್ಲ, ಆರೋಗ್ಯ ವಿಮೆ ಇದ್ದವರು, ಮಧ್ಯವಯಸ್ಸು ದಾಟಿದವರೂ ಬಹಳ ಜನ. ಅಂದರೆ 40 ವರ್ಷ, 50 ವರ್ಷ ಕಳೆದರೂ ಅದರ ನೆರಳು ಉಳಿದಿತ್ತು.

ಇನ್ನೊಂದು ಮಾತೂ ಅಷ್ಟೇ ನಿಜ. ಕಷ್ಟದಲ್ಲಿ ಬೆಳೆದವರಿಗೆಲ್ಲ ಖಿನ್ನತೆ ಬರೋದಿಲ್ಲ. ನನ್ನ ತಮ್ಮ ಅದೇ ಮನೆಯಲ್ಲಿ, ಅದೇ ಹಾಸಿಗೆಯಲ್ಲಿ ಮಲಗಿದವನು, ಆರಾಮಾಗಿದ್ದಾನೆ. ಅವನಿಗೂ ಬಾಗಿಲಿಗೂ ನಡುವೆ ಒಬ್ಬರು ಇದ್ದರು. ಮಗುವಿನ ಪರವಾಗಿ ನಿಲ್ಲುವ ಒಬ್ಬರೇ ಒಬ್ಬ ದೊಡ್ಡವರು ಇದ್ದರೂ, ಅಜ್ಜಿಯೋ ಮೇಷ್ಟರೋ ಪಕ್ಕದ ಮನೆಯವರೋ, ಬಹಳ ವ್ಯತ್ಯಾಸ ಆಗುತ್ತದೆ. ಹಾಗೇ ಎಲ್ಲ ಖಿನ್ನತೆಗೂ ಬಾಲ್ಯವೇ ಕಾರಣ ಅಲ್ಲ. ವಂಶದಿಂದ ಬರಬಹುದು, ಹೆರಿಗೆ ಆದ ಮೇಲೆ ಬರಬಹುದು, ಥೈರಾಯ್ಡ್ ಕೈಕೊಟ್ಟರೂ ಅದೇ ಥರ ಸುಸ್ತು, ಬೇಜಾರು ಬರಬಹುದು.

ಮೊದಲು ಇವತ್ತಿನದನ್ನು ನೋಡಿ

ಬಾಲ್ಯ ಕೆದಕುವ ಮುಂಚೆ, ಈಗ ಇರೋದು ಖಿನ್ನತೆಯಾ ಅಂತ ನೋಡಿಕೊಳ್ಳಿ. ಎರಡು ವಾರ ಲೆಕ್ಕ ಹಾಕಿ. ಈ ಎರಡು ವಾರದಲ್ಲಿ ಹೆಚ್ಚು ದಿನ, ದಿನದ ಹೆಚ್ಚು ಹೊತ್ತು, ಮನಸ್ಸು ಕುಗ್ಗಿತ್ತಾ? ಮುಂಚೆ ಇಷ್ಟವಾಗುತ್ತಿದ್ದದ್ದು ಈಗ ಬೇಡ ಅನ್ನಿಸುತ್ತಾ? ಈ ಎರಡರಲ್ಲಿ ಒಂದಾದರೂ ಇದ್ದು, ಜೊತೆಗೆ ನಿದ್ದೆ ಕೆಟ್ಟಿದ್ದು (ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರ ಆಗೋದು ತುಂಬಾ ಜನರಿಗಿರುತ್ತದೆ), ಊಟ ಸೇರದಿರೋದು ಇಲ್ಲಾ ಜಾಸ್ತಿ ತಿನ್ನೋದು, ಸುಸ್ತು, ಗಮನ ನಿಲ್ಲದಿರೋದು, ನಾನು ಯಾತಕ್ಕೂ ಬರದವಳು ಅನ್ನಿಸೋದು, ಸಾಯಬೇಕು ಅನ್ನಿಸೋದು, ಇವುಗಳಲ್ಲಿ ಕೆಲವು ಸೇರಿಕೊಂಡಿದ್ದರೆ ತಡ ಮಾಡಬೇಡಿ.

ನಮ್ಮ ಕಡೆ ಯಾರೂ ಬಂದು ನಂಗೆ ಖಿನ್ನತೆ ಅನ್ನೋದಿಲ್ಲ. ‘ಮೈ ಕೈ ನೋವು’ ಅಂತಾರೆ, ‘ತಲೆ ಭಾರ’, ‘ಎದೆ ಉರಿ’, ‘ಟೆನ್ಶನ್’ ಅಂತಾರೆ. ನಾನೂ ಮೊದಲು ಹೋಗಿದ್ದು ಬೆನ್ನು ನೋವಿಗೆ. ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ‘ನಿಮಗೇನೂ ಇಲ್ಲಮ್ಮಾ, ಸುಮ್ನೆ ಯೋಚನೆ ಮಾಡಬೇಡಿ’ ಅಂತ ಕಳಿಸಿದರು. ಗಂಡಸರಲ್ಲಂತೂ ಅದು ಸಿಟ್ಟಿನ ರೂಪದಲ್ಲೋ ಕುಡಿತದ ರೂಪದಲ್ಲೋ ಕಾಣುತ್ತದೆ, ಮನೆಯವರಿಗೆ ಅದು ಕಾಯಿಲೆ ಅಂತಲೇ ಅನ್ನಿಸೋದಿಲ್ಲ. ನಮ್ಮಪ್ಪನಿಗೂ ಅದೇ ಇತ್ತೇನೋ ಅಂತ ಈಗೀಗ ಯೋಚಿಸುತ್ತೇನೆ.

ಆಮೇಲೆ ನೋಟ್‌ಬುಕ್ ತೆಗೆಯಿರಿ

ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ಕೆಲಸ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ, ಆಗಿದ್ದನ್ನು ಒಂದೊಂದೇ ಸಾಲಿನಲ್ಲಿ ಬರೆಯಿರಿ. ಬಲಗಡೆ, ಆಗ ನಿಮಗೆ ಎಷ್ಟು ವಯಸ್ಸು ಅನ್ನೋದನ್ನು ಮಾತ್ರ. ಕಥೆ ಬರೆಯಬೇಡಿ, ಯಾರು ಸರಿ ಯಾರು ತಪ್ಪು ಅಂತ ತೀರ್ಪೂ ಬೇಡ. ‘ಅಪ್ಪ ಅವ್ವನಿಗೆ ಒನಕೆ ಎತ್ತಿದ್ದು, 8.’ ‘ದೊಡ್ಡಪ್ಪನ ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ನಮಗೆ ಬಡಿಸಿದ್ದು, 9.’ ಇಷ್ಟೇ. ಹೊಡೆತ, ಕುಡಿತ ಮಾತ್ರ ಅಲ್ಲ, ಆಗಬೇಕಾಗಿದ್ದು ಆಗದೇ ಇದ್ದದ್ದನ್ನೂ ಬರೆಯಿರಿ. ಜ್ವರ ಬಂದಾಗ ಯಾರೂ ಹತ್ತಿರ ಇರಲಿಲ್ಲ, ಶಾಲೆ ಬಿಡಿಸಿ ಮಂಡಕ್ಕಿ ಭಟ್ಟಿಗೆ ಕಳಿಸಿದರು, ಹಾಸ್ಟೆಲಿಗೆ ಬಿಟ್ಟು ಹೋದವರು ಯುಗಾದಿವರೆಗೂ ಬರಲಿಲ್ಲ. ಅವೂ ಲೆಕ್ಕಕ್ಕೆ ಬರುತ್ತವೆ.

ಬರೆದು ಮುಚ್ಚಿಡಿ. ಮಾರನೇ ದಿನ ಹೊರಗೆ ಹೋದಾಗ ಬಲಗಡೆ ಬರೆದ ವಯಸ್ಸಿನ ಒಂದು ಮಗುವನ್ನು ನೋಡಿ. ನಾನು ನೋಡಿದ್ದು ನಮ್ಮ ಬೀದಿಯ ಅಂಗಡಿಯಲ್ಲಿ. ಪಕ್ಕದ ಮನೆಯ ಹುಡುಗಿ ಬಿಸ್ಕೆಟ್ ತಗೊಳ್ಳೋಕೆ ಬಂದಿದ್ದಳು, ಮೂರನೇ ಕ್ಲಾಸು. ಕಟ್ಟೆಗೆ ಕೈ ಎಟುಕದೆ ತುದಿಗಾಲಲ್ಲಿ ನಿಂತಿದ್ದಳು. ಹತ್ತು ರೂಪಾಯಿ ನೋಟನ್ನು ಮಡಚಿ ಮಡಚಿ ಬೆವರಿದ ಅಂಗೈಯಲ್ಲಿ ಹಿಡಿದಿದ್ದಳು. ನನ್ನ ಕಂಡು ನಕ್ಕಳು, ಮುಂದಿನ ಹಲ್ಲು ಒಂದು ಅರ್ಧ ಬಂದಿತ್ತು. ಎಂಟು ವರ್ಷ ಅಂದರೆ ಇಷ್ಟೇನಾ ಅಂತ ನನಗೆ ಆವಾಗಲೇ ಗೊತ್ತಾಗಿದ್ದು. ಇಷ್ಟು ಪುಟ್ಟದು ಬಾಗಿಲ ಕಡೆ ಮಲಗುತ್ತಿತ್ತು. ಅಲ್ಲಿಯವರೆಗೂ ನನ್ನ ನೆನಪಿನಲ್ಲಿ ನಾನು ಒಬ್ಬ ದೊಡ್ಡ ಹೆಂಗಸಿನ ಹಾಗೇ ಇದ್ದೆ, ಎಲ್ಲ ತಡೆದುಕೊಳ್ಳಬೇಕಾಗಿದ್ದವಳ ಹಾಗೆ.

ಎಲ್ಲರ ಮನೇಲೂ ಇದ್ದದ್ದೇ ಅನ್ನೋದು ಸುಳ್ಳಲ್ಲ, ಬಹಳ ಮನೆಗಳಲ್ಲಿ ಇತ್ತು. ಊರಿಗೇ ಮಲೇರಿಯಾ ಬಂದಿದೆ ಅಂತ ನಿಮ್ಮ ಜ್ವರ ಜ್ವರ ಅಲ್ಲದೆ ಹೋಗುತ್ತಾ?

ಈ ಕೆಲಸಕ್ಕೆ ಎರಡು ಎಚ್ಚರಿಕೆ. ರಾತ್ರಿ ಬರೆಯಬೇಡಿ, ಹಗಲು ಹೊತ್ತು, ಮನೆಯಲ್ಲಿ ಯಾರಾದರೂ ಇರುವಾಗ, ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಬರೆಯುವಾಗ ಮೈ ನಡುಗಿದರೆ, ಅದೇ ಜಾಗದಲ್ಲಿ ಮತ್ತೆ ಇದ್ದ ಹಾಗೆ ಅನ್ನಿಸಿದರೆ ತಕ್ಷಣ ನಿಲ್ಲಿಸಿ, ತಣ್ಣೀರಲ್ಲಿ ಮುಖ ತೊಳೆದು, ಕಣ್ಣೆದುರಿಗೆ ಇರುವ ಐದು ವಸ್ತುಗಳ ಹೆಸರು ಜೋರಾಗಿ ಹೇಳಿ. ಲೈಂಗಿಕ ದೌರ್ಜನ್ಯ ಆಗಿದ್ದರೆ ಒಬ್ಬರೇ ಕೂತು ಇದನ್ನು ಮಾಡಲೇಬೇಡಿ, ಆ ಕೆಲಸ ಆಪ್ತಸಮಾಲೋಚಕರ ಎದುರಿಗೇ ಆಗಲಿ.

ಡಾಕ್ಟರ್ ಹತ್ತಿರ ಹೇಳುವುದು

ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಚಿತ್ರದುರ್ಗದವರಿಗೆ ಅವರ ಜಿಲ್ಲಾ ಆಸ್ಪತ್ರೆ. ಎರಡೂ ಊರಲ್ಲಿ ಮೆಡಿಕಲ್ ಕಾಲೇಜುಗಳಿರುವುದರಿಂದ ಮನೋವೈದ್ಯರಿಗೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಸರ್ಕಾರದ್ದೇ ಒಂದು ವ್ಯವಸ್ಥೆ ಇದೆ. ದೇಶಕ್ಕೆಲ್ಲ ಅದಕ್ಕೆ ಮಾದರಿಯಾಗಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದ ಕೆಲಸ. ಮೊಳಕಾಲ್ಮೂರು, ಹೊಸದುರ್ಗ, ಜಗಳೂರಿನಂಥ ಕಡೆಯವರು ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿ. ಆಶಾ ಕಾರ್ಯಕರ್ತೆಯರಿಗೂ ಗೊತ್ತಿರುತ್ತದೆ.

ಹೋಗೋಕೆ ಧೈರ್ಯ ಬರದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಳಗೆ ಹೋದಾಗ ಐದು ನಿಮಿಷ ಸಿಗಬಹುದು, ಹೊರಗೆ ಜನ ಕಾಯುತ್ತಿರುತ್ತಾರೆ, ಬಾಯಿ ಕಟ್ಟಿಹೋಗುತ್ತದೆ. ಅದಕ್ಕೆ ಮುಂಚೆಯೇ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವಾಗಿಂದ ಹೀಗಾಗಿದೆ, ನಿದ್ದೆ ಎಷ್ಟು, ಊಟ ಹೇಗೆ, ಸಾಯುವ ಯೋಚನೆ ಬಂದಿದೆಯಾ, ಮುಂಚೆಯೂ ಹೀಗೆ ಆಗಿತ್ತಾ. ಕೊನೆಯಲ್ಲಿ ಒಂದೇ ಸಾಲು: ‘ಚಿಕ್ಕಂದಿನಲ್ಲಿ ಮನೆಯಲ್ಲಿ ತುಂಬಾ ಕಷ್ಟ ಇತ್ತು, ಅದರ ಬಗ್ಗೆ ಮಾತಾಡಬೇಕು.’ ಚೀಟಿಯನ್ನೇ ಕೈಗೆ ಕೊಟ್ಟರೂ ಆಯಿತು, ನಾನು ಹಾಗೇ ಮಾಡಿದ್ದು. ಥೈರಾಯ್ಡ್ ಮತ್ತು ರಕ್ತ ಪರೀಕ್ಷೆ ಬೇಕಾ ಅಂತಲೂ ಕೇಳಿ.

ಆ ಕೊನೆ ಸಾಲು ಯಾಕೆ ಮುಖ್ಯ ಅಂದರೆ, ಚಿಕಿತ್ಸೆಯೇ ಅದರ ಮೇಲೆ ಬದಲಾಗಬಹುದು. ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2012ರಲ್ಲಿ ಬಂದ ಒಂದು ವರದಿಯ ಪ್ರಕಾರ, ಬಾಲ್ಯದಲ್ಲಿ ಹಿಂಸೆ ಕಂಡವರಿಗೆ ಖಿನ್ನತೆ ಮರುಕಳಿಸುವ ಅಥವಾ ಬಹಳ ದಿನ ಉಳಿದುಬಿಡುವ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ. 2003ರ ಇನ್ನೊಂದು ಅಧ್ಯಯನದಲ್ಲಿ, ದೀರ್ಘಕಾಲದ ಖಿನ್ನತೆ ಇದ್ದು ಬಾಲ್ಯದಲ್ಲೂ ಪೆಟ್ಟು ತಿಂದಿದ್ದವರಿಗೆ, ಬರೀ ಮಾತ್ರೆಗಿಂತ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡಿತ್ತು. ಅಂದರೆ ಗುಳಿಗೆ ಬೇಡ ಅಂತಲ್ಲ. ಬರೀ ಗುಳಿಗೆ ಬರೆದು ಕಳಿಸಿದರೆ ‘ಸರ್, ಇದರ ಜೊತೆ ಕೌನ್ಸೆಲಿಂಗೂ ಬೇಕಿತ್ತು’ ಅಂತ ಬಾಯಿಬಿಟ್ಟು ಕೇಳಿ.

ಗುಳಿಗೆ ಬಗ್ಗೆ ಎರಡು ಮಾತು. ಖಿನ್ನತೆಯ ಗುಳಿಗೆ ತಲೆನೋವಿನದರ ಹಾಗೆ ಅವತ್ತೇ ಕೆಲಸ ಮಾಡೋದಿಲ್ಲ, ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಪೂರ್ತಿ ಗುಣ ಕಾಣೋಕೆ ಇನ್ನೂ ಜಾಸ್ತಿ. ಮೊದಲ ವಾರ ಹೊಟ್ಟೆ ತೊಳಸಬಹುದು, ನಮ್ಮಲ್ಲಿ ಬಹಳ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ಚೆನ್ನಾಗಿ ಆದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ. ನಿಲ್ಲಿಸುವುದಾದರೆ ಡಾಕ್ಟರಿಗೆ ಹೇಳಿ ನಿಧಾನಕ್ಕೆ ಇಳಿಸಿ. ಇದು ಚಟ ಹಿಡಿಸುವ ಗುಳಿಗೆ ಅಲ್ಲ, ಹುಚ್ಚಿನ ಗುಳಿಗೆಯೂ ಅಲ್ಲ. ಮನೆಯವರು ದೇವರಿಗೆ ಹರಕೆ ಹೊರಲಿ, ತಾಯತ ಕಟ್ಟಲಿ, ಅದಕ್ಕೆ ಜಗಳ ಆಡಬೇಡಿ, ಗುಳಿಗೆ ಮಾತ್ರ ಬಿಡಬೇಡಿ.

ಅಪ್ಪ ಅವ್ವನನ್ನು ಕೇಳಬೇಕಾ?

ಇದನ್ನು ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮೊದಲು ಸ್ವಲ್ಪ ಗುಣ ಆಗಲಿ, ಆಮೇಲೆ ನೋಡೋಣ. ದುಗ್ಗಮ್ಮನ ಜಾತ್ರೆಗೆ ಎಲ್ಲಾ ಬಂಧುಗಳು ಸೇರಿದಾಗ ಊಟಕ್ಕೆ ಕೂತಲ್ಲೇ ಈ ಮಾತು ತೆಗೆದರೆ ನಿಮಗೆ ಸಿಗೋದು ‘ನಿನ್ನ ಸಾಕೋಕೆ ನಾವು ಎಷ್ಟು ಕಷ್ಟಪಟ್ವಿ ಗೊತ್ತಾ’ ಅನ್ನೋ ಉತ್ತರ. ಅದೂ ಸುಳ್ಳಲ್ಲ. ಅವ್ವ ಮಳೆಯಲ್ಲಿ ನೆಂದು, ಜಿಗಣೆ ಕಚ್ಚಿಸಿಕೊಂಡು ಕಾಫಿ ಬಿಡಿಸಿದ್ದರಿಂದಲೇ ನಾನು ಹತ್ತನೇ ಕ್ಲಾಸು ಮುಗಿಸಿದ್ದು. ಅವರು ಕಷ್ಟಪಟ್ಟಿದ್ದೂ ನಿಜ, ನನಗೆ ನೋವಾಗಿದ್ದೂ ನಿಜ. ಒಂದನ್ನು ಒಪ್ಪಿಕೊಂಡರೆ ಇನ್ನೊಂದನ್ನು ಬಿಡಬೇಕು ಅಂತೇನಿಲ್ಲ. ಇದು ನನಗೆ ಅರ್ಥ ಆದ ಮೇಲೆ ಅವರನ್ನು ಕೇಳಬೇಕು ಅನ್ನೋ ಹಟ ತಾನಾಗೇ ಕಡಿಮೆ ಆಯಿತು. ನಿಮಗೆ ಕೇಳಲೇಬೇಕು ಅನ್ನಿಸಿದರೆ ಕೇಳಿ, ಆದರೆ ಒಬ್ಬರನ್ನೇ, ಒಂದೇ ವಿಷಯ, ತಪ್ಪೊಪ್ಪಿಕೊಳ್ಳಲಿ ಅನ್ನೋ ನಿರೀಕ್ಷೆ ಇಟ್ಟುಕೊಳ್ಳದೆ. ಹಿಂಸೆ ಕೊಟ್ಟವರು ಈಗಲೂ ಕೊಡುತ್ತಿದ್ದರೆ ದೂರ ಇರೋದೇ ಸರಿ, ಹಬ್ಬಕ್ಕೆ ಹೋಗದಿದ್ದರೆ ಏನೂ ಆಗೋದಿಲ್ಲ.

ಮನೆಯವರಿಗೆ

ನಿಮ್ಮ ಹೆಂಡತಿಗೋ ಗಂಡನಿಗೋ ಹೀಗಾಗಿದ್ದರೆ ‘ಹಳೇದೆಲ್ಲ ಮರೆತುಬಿಡು’ ಅನ್ನಬೇಡಿ. ಮರೆಯೋಕೆ ಆಗಿದ್ದರೆ ಯಾವಾಗಲೋ ಮರೆಯುತ್ತಿದ್ದರು. ಅದರ ಬದಲು, ‘ನಾನು ಮಾಡೋದ್ರಲ್ಲಿ ಯಾವುದು ನಿಂಗೆ ಭಯ ಆಗುತ್ತೆ’ ಅಂತ ಒಮ್ಮೆ ಕೇಳಿ. ನಮ್ಮನೆಯವರು ಕೇಳಿದರು. ಅವರು ರಾತ್ರಿ ಬೈಕ್ ಆಫ್ ಮಾಡಿ ಗೇಟಿನಿಂದ ತಳ್ಳಿಕೊಂಡು ಬರುತ್ತಿದ್ದರು, ಪಕ್ಕದವರಿಗೆ ತೊಂದರೆ ಆಗಬಾರದು ಅಂತ. ಕತ್ತಲಲ್ಲಿ ಯಾರೋ ಗಾಡಿ ತಳ್ಳಿಕೊಂಡು ಬರುವ ಸದ್ದು ನನ್ನ ಮೈಗೆ ಏನು ಮಾಡುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು, ನನಗೇ ಗೊತ್ತಿರಲಿಲ್ಲ. ಈಗ ಗೇಟಿನ ಹತ್ತಿರ ‘ನಾನೇ ಕಣೇ’ ಅಂತ ಕೂಗಿ ಒಳಗೆ ಬರುತ್ತಾರೆ.

ದಿನಾ ಒಂದು ಹೊತ್ತಾದರೂ ಜೊತೆಗೆ ಊಟ ಮಾಡಿ. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಅರ್ಧ ಗಂಟೆ ನಡೆಯೋಕೆ ಕರೆದುಕೊಂಡು ಹೋಗಿ, ‘ಹೋಗು’ ಅನ್ನಬೇಡಿ, ‘ಬಾ, ಹೋಗೋಣ’ ಅನ್ನಿ. ಸಾಯುವ ಮಾತು ಬಂದರೆ ಬೇರೆ ಮಾತು ತೆಗೆದು ತೇಲಿಸಬೇಡಿ, ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ಹೊಲಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಮನೆಯಲ್ಲಿದ್ದರೆ ಅವತ್ತೇ ಹೊರಗೆ ಸಾಗಿಸಿ, ಗುಳಿಗೆ ಡಬ್ಬಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮನೆಯಲ್ಲಿ ಈಗ ಚಿಕ್ಕ ಮಕ್ಕಳಿದ್ದರೆ

ಕಷ್ಟವನ್ನೇ ಇಲ್ಲದ ಹಾಗೆ ಮಾಡೋಕೆ ಎಲ್ಲರಿಗೂ ಆಗೋದಿಲ್ಲ. ಮಳೆ ಬರದಿದ್ದರೆ ಇವತ್ತೂ ಗುಳೆ ಹೋಗಬೇಕು. ಆದರೆ ಮಗು ಎಲ್ಲಕ್ಕೂ ತಾನೇ ಕಾರಣ ಅಂದುಕೊಳ್ಳುತ್ತದೆ, ಅದನ್ನು ಬಿಡಿಸೋಕೆ ದುಡ್ಡು ಬೇಡ. ಮನೆಯಲ್ಲಿ ಜಗಳ ಆದ ದಿನ ಮಲಗಿಸುವಾಗ ‘ಇದು ನಿನ್ನಿಂದ ಆಗಿದ್ದಲ್ಲ ಪುಟ್ಟಾ’ ಅಂತ ಹೇಳಿ. ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿರೋದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಪಕ್ಕದ ಮನೆಯ ಮಗುವಾದರೂ ಸರಿ.

ಬಿಟ್ಟು ಹೋಗಲೇಬೇಕಾದರೆ ಹೇಳಿ ಹೋಗಿ. ನಮ್ಮವ್ವ ಹೊರಡುವ ದಿನ ಯಾವತ್ತೂ ಹೇಳುತ್ತಿರಲಿಲ್ಲ. ಅಳುತ್ತೇವೆ ಅಂತ, ನಾವು ಮಲಗಿದ್ದಾಗ ನಸುಕಿನಲ್ಲೇ ಲಾರಿ ಹತ್ತಿಬಿಡುತ್ತಿದ್ದಳು. ಎದ್ದರೆ ಅವಳ ಹಾಸಿಗೆ ಸುತ್ತಿಟ್ಟಿರುತ್ತಿತ್ತು. ಅದಾದ ಮೇಲೆ ಅವಳು ಊರಲ್ಲಿದ್ದಾಗಲೂ ನಾನು ಅವಳ ಸೀರೆ ಸೆರಗನ್ನು ಕೈಗೆ ಸುತ್ತಿಕೊಂಡು ಮಲಗುತ್ತಿದ್ದೆ. ಮಗು ಅಳುತ್ತೆ, ಅಳಲಿ. ಕ್ಯಾಲೆಂಡರ್ ತೆಗೆದು, ಹೋಗುವ ದಿನಕ್ಕೆ ಒಂದು ಗುರುತು, ಬರುವ ದಿನಕ್ಕೆ ಒಂದು ಗುರುತು ಮಗುವಿನ ಕೈಯಲ್ಲೇ ಹಾಕಿಸಿ. ಬರುವ ದಿನ ಗೊತ್ತಿಲ್ಲ ಅಂದರೆ ಫೋನ್ ಮಾಡುವ ದಿನವನ್ನಾದರೂ ಗುರುತು ಮಾಡಿ, ಆ ದಿನ ತಪ್ಪದೆ ಮಾಡಿ.